ನಾನಿಟ್ಟ ಹೆಸರು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತು ಎದ್ದಿದ್ದೇನೆ. ಹೆಂಡತಿ ಬದುಕಿದ್ದಾಗ ಅವಳ ಕಣ್ಣೆದುರು ಬರೆಯಲು ನಾಚಿಕೆಯಾಯಿತು. ಅವಳು ಹೋದ ಮೇಲೆ, ಇನ್ನು ಯಾರಿಗಾಗಿ ಎಂದು ಸುಮ್ಮನಾದೆ. ಎರಡೂ ನೆಪಗಳೇ. ಇಷ್ಟು ವರ್ಷ ಈ ಕತೆಯನ್ನು ನಾನು ಬೇರೆ ತರಹ ಹೇಳಿಕೊಂಡು ಬಂದಿದ್ದೇನೆ. ಆ ಕತೆಯಲ್ಲಿ ಮೋಸ ಹೋದವನು ನಾನು. ಹೋಟೆಲಿನಲ್ಲಿ ನನ್ನ ಗಲ್ಲಾದ ಮುಂದೆ ನಿಂತು ಚಹಾ ಕುಡಿಯುತ್ತಾ ಅದನ್ನು ಕೇಳಿದವರು ಪಾಪ ಎಂದು ನನ್ನ ಕಡೆ ನೋಡಿದ್ದಾರೆ. ನಾನು ಆ ಪಾಪವನ್ನು ಬೇಡವೆನ್ನದೆ ತೆಗೆದುಕೊಂಡಿದ್ದೇನೆ.

ಕಳೆದ ವರ್ಷ ಮಳೆ ಬಿಡುವ ಹೊತ್ತಿಗೆ ಮುಂಬೈ ಹತ್ತಿರ ಘಣಸೋಲಿಯಲ್ಲಿರುವ ಮಗನ ಮನೆಗೆ ಹೋಗಿದ್ದೆ. ಕಾಲೇಜಿಗೆ ಹೋಗುವ ಮೊಮ್ಮಗಳು ಒಂದು ಭಾನುವಾರ, ಹತ್ತಿರದಲ್ಲಿ ಒಂದು ಗುಡ್ಡ ಇದೆ, ಮೇಲೆ ಬೌದ್ಧ ವಿಹಾರ ಇದೆ, ಸಮುದ್ರ ಒಳಗೆ ನುಗ್ಗಿದ ಖಾಡಿಯ ನೀರು ಚೆನ್ನಾಗಿ ಕಾಣುತ್ತದೆ, ಬನ್ನಿ ಎಂದು ಕರೆದುಕೊಂಡು ಹೋದಳು. ಯಾವ ಗುಡ್ಡವೆಂದು ನಾನು ಕೇಳಲಿಲ್ಲ. ರಿಕ್ಷಾ ಇಳಿದು ಮೇಲೆ ನೋಡಿದಾಗಲೇ ಗೊತ್ತಾದದ್ದು. ಈಗ ಮೇಲಿನವರೆಗೂ ಕಬ್ಬಿಣದ ಕಟಕಟೆ ಇರುವ ಮೆಟ್ಟಿಲು. ಕೆಳಗೆ ಒಂದು ಫಲಕ: ಚಪ್ಪಲಿ ಇಲ್ಲೇ ಬಿಡಿ, ಟೋಪಿ ತೆಗೆಯಿರಿ, ಮೂರ್ತಿಯ ಕಡೆ ಕಾಲು ಚಾಚಬೇಡಿ, ಬೆನ್ನು ತಿರುಗಿಸಿ ಫೋಟೋ ತೆಗೆಸಿಕೊಳ್ಳಬೇಡಿ. ಅವಳು ಓದಿ ಮುಗಿಸುವ ಮೊದಲೇ ನಾನು ಟೋಪಿ ತೆಗೆದು ಜೇಬಿನಲ್ಲಿಟ್ಟಿದ್ದೆ.

"ಅಜ್ಜಾ, ತುಮ್ಹಾಲಾ ಆಧೀಚ ಮಾಹೀತ ಹೋತಂ?" ಎಂದಳು. ಕನ್ನಡ ಅವಳಿಗೆ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮರಾಠಿ. ನಿಮಗೆ ಮೊದಲೇ ಗೊತ್ತಿತ್ತಾ ಎಂದು ಕೇಳುತ್ತಿದ್ದಳು. ಅದೇ ಪ್ರಶ್ನೆಯನ್ನು ಇದೇ ಮೆಟ್ಟಿಲ ಬುಡದಲ್ಲಿ ಇನ್ನೊಬ್ಬರು ನನ್ನನ್ನು ಕನ್ನಡದಲ್ಲಿ ಕೇಳಿದ್ದರು. ಆವತ್ತು ನಾನು ಇಲ್ಲ ಎಂದಿದ್ದೆ.

ಎಪ್ಪತ್ತೊಂಬತ್ತನೇ ಇಸವಿ. ನಾನು ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ, ವಾಸುದೇವ ರಾಯರ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದೆ. ಉಡುಪಿ ಕಡೆಯಿಂದ ಹೈಸ್ಕೂಲು ಮುಗಿಸಿ ಬಂದವನಿಗೆ ಅದು ದೊಡ್ಡ ಕೆಲಸವೇ. ಹೋಟೆಲಿನ ಹಿಂದಿದ್ದ ಒಂದೊಂದು ಕೋಣೆಯ ಮನೆಗಳ ಸಾಲು, ಆ ಚಾಳೂ ರಾಯರದೇ. ಅದರಲ್ಲೊಂದು ಖೋಲಿಯಲ್ಲಿ ನಾನು, ನನ್ನ ಹೆಂಡತಿ ಸುಮತಿ. ಅನ್ನ ರಾಯರದು, ಸೂರು ರಾಯರದು. ಪಕ್ಕದ ಕಲ್ಯಾಣದಲ್ಲಿ ಇನ್ನೊಂದು ಹೋಟೆಲು ತೆಗೆಯುತ್ತೇನೆ, ಅದನ್ನು ನೀನೇ ನೋಡಿಕೊಳ್ಳಬೇಕು ಸದಾಶಿವ ಎಂದು ಅವರು ಹೇಳುತ್ತಿದ್ದ ಕಾಲ ಅದು.

ಎಂಐಡಿಸಿ ಎನ್ನುವ ಕೈಗಾರಿಕಾ ಪ್ರದೇಶದ ಬಣ್ಣದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಒಬ್ಬ ಗುಲ್ಬರ್ಗದವನು ಪಾಳಿ ಮುಗಿಸಿ ದಿನವೂ ಚಹಾಕ್ಕೆ ಬರುತ್ತಿದ್ದ. ಎಷ್ಟು ಉಜ್ಜಿದರೂ ಹೋಗದ ಹಳದಿ, ಕೆಲವು ದಿನ ಗುಲಾಬಿ, ಅವನ ಅಂಗೈಗಳಲ್ಲಿ ಇರುತ್ತಿತ್ತು. ಕಪ್ಪಿಗೆ ಬಣ್ಣ ಹತ್ತುತ್ತದೆ ಎಂದು ಮಾಣಿಗಳು ಗೊಣಗಿದರೆ, "ಏ, ನಿಮ್ಮೂರಾಗ ಹೋಳಿ ವರ್ಷಕ್ಕೊಮ್ಮೆ, ನಮ್ಮ ಕಾರ್ಖಾನ್ಯಾಗ ದಿನಾ ಅದ. ಕಪ್ಪು ನಾನೇ ತೊಳಿತೀನಿ ತಗೋ" ಎಂದು ನಗುತ್ತಿದ್ದ. ಮುಂಬೈಯಿಂದ ಬರುವ ಕನ್ನಡ ಪತ್ರಿಕೆ ಗಲ್ಲಾದ ಪಕ್ಕ ಇರುತ್ತಿತ್ತು. ಅದನ್ನು ನಿಂತೇ ಓದುತ್ತಿದ್ದ. ಓದಿ ನನ್ನ ಜೊತೆ ಜಗಳಕ್ಕೆ ನಿಲ್ಲುತ್ತಿದ್ದ. ಅಷ್ಟು ದೊಡ್ಡ ಊರಿನಲ್ಲಿ ನನ್ನ ಜೊತೆ ಕನ್ನಡದಲ್ಲಿ ಜಗಳವಾಡುವವನು ಅವನೊಬ್ಬನೇ. ನನಗೆ ಅವನು ಬೇಕಾದವನಾದ.

ಮಳೆ ಹಿಡಿಯುವ ಮೊದಲು ಒಂದು ದಿನ ಅವನು ಪತ್ರಿಕೆ ಮುಟ್ಟಲಿಲ್ಲ. ಬೇಲಾಪುರ ರಸ್ತೆಯ ಬದಿ, ಕಲ್ಲುಕ್ವಾರಿಯ ಗುಡ್ಡದ ಕೆಳಗೆ ಅವನ ಜೋಪಡಿ. ಹೆಂಡತಿ ಶಾಂತಾ ಬಸುರಿ. ಹೋದ ವರ್ಷದ ಮಳೆಯಲ್ಲಿ ಜೋಪಡಿಯೊಳಗೆ ಮೊಣಕಾಲ ಮಟ್ಟ ನೀರು ನಿಂತಿತ್ತಂತೆ. ನಮ್ಮ ಚಾಳಿನ ಕೊನೆಯ ಖೋಲಿ, ನಲ್ಲಿಯ ಪಕ್ಕದ್ದು, ಖಾಲಿ ಇತ್ತು.

"ಅಣ್ಣಾರ, ನಿಮ್ಮ ಧಣ್ಯಾರಿಗೆ ಒಂದು ಮಾತು ಹಾಕ್ರಿ" ಎಂದ. ನಾನು ಆಗಲಿ ಎನ್ನುವ ಮೊದಲೇ, "ಆದ್ರ ಒಂದು ಹೇಳ್ತೀನಿ. ನಾವು ಬೌದ್ಧರಿದ್ದೀವಿ. ಅದನ್ನ ಹೇಳೇ ಕೇಳ್ರಿ."

ಬೌದ್ಧ ಎಂದರೆ ಅದರ ಹಿಂದಿನ ಜಾತಿ ಯಾವುದೆಂದು ನಮ್ಮ ಚಾಳಿನಲ್ಲಿ ಎಲ್ಲರಿಗೂ ತಿಳಿಯುತ್ತಿತ್ತು. ರಾಯರು ಖೋಲಿ ಕೊಡುತ್ತಿದ್ದದ್ದು 'ನಮ್ಮವರಿಗೆ'. ಉತ್ತರ ಕರ್ನಾಟಕದ ಲಿಂಗಾಯತರನ್ನು ಬೇಕಾದರೆ ಅದರೊಳಗೆ ಸೇರಿಸಿಕೊಳ್ಳುತ್ತಿದ್ದರು.

"ಹಾಗೆ ಹೇಳಿದ್ರೆ ಖೋಲಿ ಸಿಗ್ಲಿಕ್ಕಿಲ್ಲ ಮಾರಾಯ. ನಿನ್ನ ಹೆಸ್ರು ಶರಣಪ್ಪ ಅಂತ ಹೇಳ್ತೇನೆ. ಗುಲ್ಬರ್ಗದವ, ಮಾಂಸ ಮುಟ್ಟುವುದಿಲ್ಲ. ಅಷ್ಟು ಸಾಕು" ಎಂದೆ.

ಅವನ ಮುಖದಿಂದ ನಗೆ ಹೋಯಿತು. "ಹೆಸ್ರು ಯಾಕ್ರಿ ಬ್ಯಾರೆ? ನಮ್ಮಪ್ಪ ದೀಕ್ಷಾ ತಗೊಂಡು ಇಟ್ಟ ಹೆಸ್ರದು."

"ನಿನ್ನ ಹೆಸ್ರು ಕೇಳಿದ ಕೂಡ್ಲೆ ಗೊತ್ತಾಗ್ತದೆ. ಮಳೆಗಾಲ ಒಂದು ಕಳೀಲಿ. ಅವ್ರಿಗೆಲ್ಲ ನೀವು ಹಿಡಿಸಿದ ಮೇಲೆ ನಾನೇ ಹೇಳ್ತೇನೆ, ನನ್ನ ಮೇಲೆ ಬಿಡು."

ಆ ದಿನ ಅವನು ಒಪ್ಪಲಿಲ್ಲ. ವಾರದ ನಂತರ ಮೊದಲ ಮಳೆ ಬಿತ್ತು. ತೊಯ್ದು ತೊಪ್ಪೆಯಾಗಿ ಬಂದು ಗಲ್ಲಾದ ಮುಂದೆ ನಿಂತು, "ಆಯ್ತು, ಶರಣಪ್ಪ ಅಂತ್ಲೇ ಹೇಳ್ರಿ. ಆದ್ರ ನೀವೇ ಬಿಡಿಸ್ಬೇಕು ಮತ್ತ" ಎಂದ.

ಬಿಡಿಸುತ್ತೇನೆ ಎಂದು ಮಾತು ಕೊಟ್ಟೆ. ಈ ಬರಹದಲ್ಲೂ ಸದ್ಯಕ್ಕೆ ಅವನನ್ನು ಶರಣಪ್ಪ ಎಂದೇ ಕರೆಯುತ್ತೇನೆ. ನಿಜವಾದ ಹೆಸರು ಬರೆಯಲು ಇನ್ನೂ ಸ್ವಲ್ಪ ಧೈರ್ಯ ಬೇಕು.

ಆ ಮಳೆಗಾಲದಷ್ಟು ಸಂತೋಷದ ಮಳೆಗಾಲವನ್ನು ಚಾಳು ಕಂಡಿರಲಿಲ್ಲ ಎಂದರೆ ಹೆಚ್ಚಲ್ಲ. ಹಳಿಗಳ ಮೇಲೆ ನೀರು ನಿಂತು ಲೋಕಲ್ ಬಂದಾದ ದಿನಗಳಲ್ಲಿ ಶರಣಪ್ಪ ಜಗುಲಿಯಲ್ಲಿ ಕೂತು ಎಲ್ಲರ ಕೊಡೆಗಳ ಕಡ್ಡಿ ರಿಪೇರಿ ಮಾಡುತ್ತಿದ್ದ. ಶಾಂತಾ ಜೋಳದ ರೊಟ್ಟಿ ತಟ್ಟುವ ಸದ್ದು ಬೆಳಿಗ್ಗೆ ಚಾಳಿನ ಆ ತುದಿಯವರೆಗೂ ಕೇಳುತ್ತಿತ್ತು. ರಾಯರ ಹೆಂಡತಿ ಸಾವಿತ್ರಮ್ಮ ಮೊದಲು ಆ ಸದ್ದಿಗೆ ಮುಖ ಸಿಂಡರಿಸಿದರು. ಆಮೇಲೆ ನೋಡಲು ಬಂದರು. ಆಮೇಲೆ ಒಂದು ರೊಟ್ಟಿ ಬೆಣ್ಣೆ ಹಚ್ಚಿ ತಿಂದರು. ಶ್ರಾವಣ ಬರುವಷ್ಟರಲ್ಲಿ, "ಶಾಂತಾ, ನಂಗೆರಡು ಬಿಸಿ ಇರಲಿ, ರಾಯರಿಗೆ ಹೇಳ್ಬೇಡ" ಎಂದು ತಮ್ಮ ಮಹಡಿ ಮನೆಯಿಂದಲೇ ಕೂಗುತ್ತಿದ್ದರು.

ಹೆರಿಗೆ ನೋವು ಬಂದದ್ದು ಒಂದು ಮಧ್ಯಾಹ್ನ. ಹೊರಗೆ ಧೋ ಎಂದು ಮಳೆ, ಶರಣಪ್ಪ ಕಾರ್ಖಾನೆಯಲ್ಲಿ. ಸೂಲಗಿತ್ತಿಯನ್ನು ಕರೆಸಿದವರು ಸಾವಿತ್ರಮ್ಮ. ಹಂಡೆಯಲ್ಲಿ ನೀರು ಕಾಯಿಸಿ ಹೊತ್ತವಳು ನನ್ನ ಸುಮತಿ. ಕೂಸನ್ನು ಮೊದಲು ಎತ್ತಿಕೊಂಡದ್ದೂ ಸಾವಿತ್ರಮ್ಮನೇ, ತಮ್ಮದೇ ಹಳೇ ವಾಯಿಲ್ ಸೀರೆಯಲ್ಲಿ ಸುತ್ತಿ. ಗಂಡುಕೂಸು. ಪಾಳಿ ಮುಗಿಸಿ ಬಂದ ಶರಣಪ್ಪ ಬಣ್ಣದ ಕೈಯಲ್ಲಿ ಹೇಗೆ ಮುಟ್ಟುವುದೆಂದು ಬಾಗಿಲಲ್ಲೇ ನಿಂತಿದ್ದ. "ಹಿಡಿ ಮಾರಾಯ, ಬಣ್ಣ ಹತ್ತಿದ್ರೆ ತೊಳೆದ್ರಾಯ್ತು" ಎಂದು ಸಾವಿತ್ರಮ್ಮ ಗದರಿದರು.

ಅದರ ಮರುದಿನವೇ ಅವನು ನನ್ನನ್ನು ಕೇಳಿದ: "ಹೇಳಿದ್ರ್ಯಾ ಅಣ್ಣಾರ?" ಇನ್ನೂ ಇಲ್ಲ ಎಂದೆ. ಗಣಪತಿ ಕಳೆಯಲಿ ಎಂದೆ. ಗಣಪತಿ ಕಳೆದ ಮೇಲೆ ನವರಾತ್ರಿ ಎಂದೆ. ರಾಯರು ಕಲ್ಯಾಣದ ಜಾಗಕ್ಕೆ ಮುಂಗಡ ಕೊಟ್ಟಿದ್ದರು. ಈ ಹೊತ್ತಿನಲ್ಲಿ ಅವರ ಮನಸ್ಸು ಕೆಡಿಸುವುದು ನನಗೆ ಬೇಕಿರಲಿಲ್ಲ. ಅವನು ಕೇಳುವುದನ್ನು ಬಿಟ್ಟ. ಬರೀ ನೋಡುತ್ತಿದ್ದ.

ದಸರಾ ಮುಗಿದ ವಾರ ಅವನು ಬೇರೆಯೇ ಮಾತು ತೆಗೆದ. ಕೂಸನ್ನು ತನ್ನ ಹಳೇ ಜೋಪಡಿಯ ಬಳಿಯ ಗುಡ್ಡದ ಮೇಲಿನ ವಿಹಾರಕ್ಕೆ ಒಯ್ಯಬೇಕು, ಭಂತೇಜಿಯ ಕೈಯಲ್ಲಿ ದಾರ ಕಟ್ಟಿಸಬೇಕು. ಭಂತೇಜಿ ಎಂದರೆ ಅಲ್ಲಿರುವ ಭಿಕ್ಷು. "ನೀವು, ವೈನಿ ಇಬ್ರೂ ಬರ್ಬೇಕ್ರಿ. ನಮ್ಮ ಕಡೀಂದ ನೀವೇ ಹಿರೇರು."

ನಾನು ಬಾಯಿ ಮುಚ್ಚಿಕೊಂಡು ಹೋಗಿ ಬರಬಹುದಿತ್ತು. ಆದರೆ ಹೋಟೆಲಿನಲ್ಲಿ ರಜೆ ಕೇಳುವಾಗ, ಎಲ್ಲಿಗೆ ಎಂದು ರಾಯರು ಕೇಳಿದರು. ಒಂದು ಗುಡ್ಡ ಉಂಟು, ಮೇಲೆ ಬುದ್ಧನ ಮಂದಿರ ಉಂಟು, ನೋಡಿ ಬರುತ್ತೇವೆ ಎಂದೆ. "ಶರಣಪ್ಪನಿಗೆ ದಾರಿ ಗೊತ್ತುಂಟು" ಎಂದು ಸೇರಿಸಿದೆ. ಸಾವಿತ್ರಮ್ಮ ಒಳಗಿನಿಂದಲೇ, "ಹಾಗಾದ್ರೆ ನಾವೂ ಬರ್ತೇವೆ. ಈ ಡೊಂಬಿವಲಿಯ ಹೊಗೆ ಕುಡಿದು ಸಾಕಾಗಿದೆ" ಎಂದರು. ರಾಯರೂ ಹೂಂ ಎಂದರು.

ಶರಣಪ್ಪನಿಗೆ ಹೇಳಿದೆ: "ನೀನು ಗೈಡಿನ ಹಾಗೆ ಇರು. ನೋಡ್ಲಿಕ್ಕೆ ಬಂದವರಂತೆ ಹೋಗಿ ಬರುವ. ದಾರ ಇನ್ನೊಂದು ದಿನ ಕಟ್ಟಿಸು."

"ನಮ್ಮ ವಿಹಾರದಾಗ ನಾನೂ ಪ್ರವಾಸಿನಾ?" ಎಂದು ನಕ್ಕ. ಆ ನಗು ನನಗೆ ಸರಿಕಾಣಲಿಲ್ಲ. ಆದರೂ ಬೇಡ ಎನ್ನಲಿಲ್ಲ ಅವನು. ಧಣ್ಯಾರು ಒಮ್ಮೆ ಮೇಲೆ ಬಂದು ನೋಡಲಿ, ನೋಡಿದ ಮೇಲೆ ಹೇಳುವುದು ನಿಮಗೂ ಸುಲಭವಾಗುತ್ತದೆ ಎಂದ. ಮೇಲೆ ಹೋದಾಗ ನಾನು ಹೇಳಿಬಿಡುತ್ತೇನೆ ಎಂದು ಅವನು ನಂಬಿದ್ದ. ನಾನೂ ಆ ಹೊತ್ತಿಗೆ ಹೂಂ ಎಂದಿದ್ದೆ.

ಠಾಣೆಯವರೆಗೆ ಲೋಕಲ್, ಅಲ್ಲಿಂದ ಎಸ್ಟಿ ಬಸ್ಸು. ಭಿಕ್ಷುಗಳು ಮಧ್ಯಾಹ್ನ ದಾಟಿದರೆ ಊಟ ಮಾಡುವುದಿಲ್ಲ ಎಂದು ಶರಣಪ್ಪ ಮೊದಲೇ ಹೇಳಿದ್ದರಿಂದ ಸಾವಿತ್ರಮ್ಮ ನಸುಕಿನಲ್ಲೇ ಎದ್ದು ಇಡ್ಲಿ ಬೇಯಿಸಿ ಪಾತ್ರೆಯಲ್ಲಿ ತುಂಬಿದ್ದರು. ಗುಡ್ಡದ ಬುಡದಲ್ಲಿ ಅವನು ನಮ್ಮನ್ನೆಲ್ಲ ನಿಲ್ಲಿಸಿ ರಿವಾಜು ಹೇಳಿಕೊಟ್ಟ. ಚಪ್ಪಲಿ ಇಲ್ಲಿ ಬಿಡಬೇಕು. ಒಳಗೆ ಕೂತಾಗ ಅಂಗಾಲು ಮೂರ್ತಿಯ ಕಡೆ ತಿರುಗಬಾರದು. ಹೆಂಗಸರು ಭಂತೇಜಿಯ ಕೈಗೆ ನೇರವಾಗಿ ಏನೂ ಕೊಡಬಾರದು, ಮುಂದಿಟ್ಟು ಸರಿಯಬೇಕು. ಕೊಟ್ಟದ್ದನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು.

ರಾಯರು ಚೀಲದಿಂದ ತೆಂಗಿನಕಾಯಿ ತೆಗೆದು, "ಇದನ್ನು ಒಡೆಯುವುದೆಲ್ಲಿ?" ಎಂದರು.

"ಇಲ್ಲಿ ಒಡ್ಯಾಂಗಿಲ್ರಿ ಧಣ್ಯಾರ. ಹಂಗೇ ಇಡ್ರಿ, ಮಧ್ಯಾಹ್ನ ಚಟ್ನಿ ಆಗ್ತದ."

"ದೇವರಿಗಿಂತ ನಿನ್ನ ಚಟ್ನಿಯೇ ಮೇಲು" ಎಂದು ರಾಯರು ನಕ್ಕರು. ಮೆಟ್ಟಿಲೆಂದರೆ ಆಗ ಬಂಡೆಯಲ್ಲಿ ಕಡಿದ ತಗ್ಗುಗಳು. ಅಲ್ಲಲ್ಲಿ ಪಾಚಿ. ಶರಣಪ್ಪ ಒಂದು ಕೈಯಲ್ಲಿ ಇಡ್ಲಿ ಪಾತ್ರೆ ಹಿಡಿದು ಇನ್ನೊಂದು ಕೈಯನ್ನು ರಾಯರಿಗೆ ಕೊಟ್ಟು ಹತ್ತಿಸಿದ.

ಮೇಲೆ ತಗಡಿನ ಮಾಡಿನ ಒಂದು ಹಜಾರ, ಮುಂದೆ ಕರಿಗಲ್ಲಿನ ಕಟ್ಟೆ, ಕಟ್ಟೆಯ ಮೂಲೆಯಲ್ಲಿ ದೇವಕಣಗಿಲೆ ಮರ. ಹೂವುಗಳು ಉದುರಿ ಒದ್ದೆ ಕಲ್ಲಿಗೆ ಅಂಟಿಕೊಂಡಿದ್ದವು. ಒಳಗೆ ಬಿಳಿ ಬುದ್ಧ, ಪಕ್ಕದಲ್ಲಿ ನೀಲಿ ಕೋಟಿನ ಪಟ. ಒಂದು ಕಡೆ ಖಾಡಿ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು. ಇನ್ನೊಂದು ಕಡೆ ಕಾರ್ಖಾನೆಗಳ ಚಿಮಣಿಗಳು, ಅಷ್ಟು ದೂರದಿಂದ ಸದ್ದಿಲ್ಲ. ರಾಯರು ಮಗುವಿನ ಹಾಗೆ ಕಾಲು ಮಡಚಿ ಕೂತರು. ಸ್ವಲ್ಪ ಹೊತ್ತಾದ ಮೇಲೆ ನನ್ನ ಕಿವಿಯಲ್ಲಿ, "ಎಂಥಾ ಶಾಂತಿ ಮಾರಾಯ, ಇಷ್ಟು ದಿನ ಇಲ್ಲಿಗೆ ಬರಲೇ ಇಲ್ಲವಲ್ಲ" ಎಂದರು. ಅವರು ಅದನ್ನು ಮನಸಾರೆ ಹೇಳಿದರು. ಆಗ ಹೇಳಬಹುದಿತ್ತು ನಾನು. ಶರಣಪ್ಪ ಎದುರಿನಿಂದ ನನ್ನನ್ನೇ ನೋಡುತ್ತಿದ್ದ. ನಾನು ಖಾಡಿಯ ಕಡೆ ನೋಡಿದೆ.

ಭಂತೇಜಿ ಹಿಂದಿನ ಕೋಣೆಯಿಂದ ಬಂದರು. ವಯಸ್ಸಾದ ಮರಾಠಿಯವರು. ನಮ್ಮನ್ನು ದಾಟಿ ಅವರ ಕಣ್ಣು ಶರಣಪ್ಪನ ಮೇಲೆ ಹೋಯಿತು. "ಅರೇ, ಆಲಾಸ ಕಾ?" ಬಂದೆಯಾ ಎಂದು ಕೇಳುತ್ತಾ ನಿಜವಾದ ಹೆಸರಿನಿಂದ ಕರೆದರು. ತಂದೆಯ ಹೆಸರನ್ನೂ ಸೇರಿಸಿ ಕರೆದರು.

ಶರಣಪ್ಪ ಮತ್ತೊಮ್ಮೆ ನನ್ನ ಕಡೆ ನೋಡಿದ. ಆಮೇಲೆ ನೋಡಲಿಲ್ಲ. ಶಾಂತಾಳ ಮಡಿಲಿನಿಂದ ಕೂಸನ್ನು ತೆಗೆದು ಬುದ್ಧನ ಮುಂದೆ ಚಾಪೆಯ ಮೇಲೆ ಮಲಗಿಸಿದ. ಮೊಣಕಾಲೂರಿ, ಹಣೆ ನೆಲಕ್ಕೆ ಮುಟ್ಟಿಸಿ, ಮೂರು ಸಲ ವಂದಿಸಿದ. ಗೈಡುಗಳು ಹಾಗೆ ವಂದಿಸುವುದಿಲ್ಲ. ಭಂತೇಜಿ ಕೂಸಿನ ಮಣಿಕಟ್ಟಿಗೆ ಬಿಳಿ ದಾರ ಕಟ್ಟುತ್ತಾ, ರಾಯರ ಕಡೆ ತಿರುಗಿ ಸಂತೋಷದಿಂದ ಮರಾಠಿಯಲ್ಲಿ ಹೇಳಿದರು: ನೀವು ಹತ್ತಿ ಬಂದಿರಲ್ಲ, ಆ ಮೆಟ್ಟಿಲು ಕಡಿದವನು, ಈ ಕಟ್ಟೆಯ ಕಲ್ಲು ಒಡೆದವನು ಇವನ ಅಪ್ಪ. ಇವನು ಈ ಗುಡ್ಡದ ಮೇಲೇ ಬೆಳೆದ ಹುಡುಗ. ಕ್ವಾರಿಯ ಕಡೆಯಿಂದ ನಾಲ್ಕಾರು ಹೆಂಗಸರು ಹತ್ತಿ ಬಂದು ಶಾಂತಾಳ ಕೆನ್ನೆ ಸವರಿದರು. ಅವರು ಬೆಳಿಗ್ಗೆಯೇ ಖೀರು ಮಾಡಿಟ್ಟಿದ್ದರು. ಯಾರೋ ಸುದ್ದಿ ಮುಟ್ಟಿಸಿದ್ದರು.

ಭಂತೇಜಿ ನಮ್ಮ ಇಡ್ಲಿ ಉಂಡರು. ನಮಗೆ ಖೀರಿನ ಬಟ್ಟಲು ಬಂತು. ಶರಣಪ್ಪ ಹೇಳಿಕೊಟ್ಟಂತೆಯೇ ರಾಯರು ಎರಡೂ ಕೈಯಲ್ಲಿ ತೆಗೆದುಕೊಂಡರು, ತಲೆ ಬಾಗಿಸಿದರು, ಬಟ್ಟಲನ್ನು ಗೋಡೆಯ ಬದಿಗೆ ಇಟ್ಟರು. ಸಾವಿತ್ರಮ್ಮ ಬಟ್ಟಲು ಹಿಡಿದು ಗಂಡನ ಮುಖ ನೋಡಿ ಅವರೂ ಇಟ್ಟರು. ನಾನೂ ಇಟ್ಟೆ. ಸುಮತಿ ಉಂಡಳು. ಬಟ್ಟಲು ಬರಿದಾಗುವವರೆಗೆ, ಯಾರ ಕಡೆಯೂ ನೋಡದೆ ಉಂಡಳು.

ಇಳಿಯುವಾಗ ರಾಯರು ಶರಣಪ್ಪನ ಕೈ ಹಿಡಿಯಲಿಲ್ಲ. ಪಾಚಿಯ ಮೇಲೆ ಎರಡು ಸಲ ಜಾರಿದರೂ ಬಂಡೆ ಹಿಡಿದು ಇಳಿದರು. ಬುಡದಲ್ಲಿ ಚಪ್ಪಲಿ ಮೆಟ್ಟುತ್ತಾ, ಅವನು ಕೇಳುವಷ್ಟು ಹತ್ತಿರ ನಿಂತಿರುವಾಗಲೇ ನನ್ನನ್ನು ಕೇಳಿದರು: "ನಿಂಗೆ ಗೊತ್ತಿತ್ತಾ ಸದಾಶಿವ?"

"ಇಲ್ಲ ಧಣಿ. ನಂಗೂ ಮೋಸ ಮಾಡಿದ" ಎಂದೆ.

ಕೇಳಿದ ಉಸಿರಿಗೇ ಉತ್ತರ ಬಂದಿತ್ತು. ಯೋಚಿಸಬೇಕಾಗಲಿಲ್ಲ. ಅಷ್ಟು ಸುಲಭವಾಗಿ ಬಂತಲ್ಲ ಎಂಬುದೇ ಇಷ್ಟು ವರ್ಷ ನನ್ನನ್ನು ತಿಂದದ್ದು.

ಶರಣಪ್ಪ ಖಾಲಿ ಇಡ್ಲಿ ಪಾತ್ರೆಯನ್ನು ಕೊನೆಯ ಮೆಟ್ಟಿಲ ಮೇಲೆ ಮೆಲ್ಲಗೆ ಇಟ್ಟ. ಈಗ ಬಾಯಿ ಬಿಡುತ್ತಾನೆ, ಹೆಸರಿಟ್ಟವರೇ ಇವರು ಎನ್ನುತ್ತಾನೆ ಎಂದುಕೊಂಡೆ. ಅವನು ಬಾಗಿ ತನ್ನ ಚಪ್ಪಲಿ ಮೆಟ್ಟಿಕೊಂಡ. ಶಾಂತಾ ಮಾತ್ರ ಸುಮತಿಯ ಕಡೆ ತಿರುಗಿ, "ಅಕ್ಕಾ, ನಿಮಗರೆ ಗೊತ್ತಿತ್ತಲ್ಲ" ಎಂದಳು. ಸುಮತಿ ತಲೆ ತಗ್ಗಿಸಿದಳು. ನನ್ನ ಅನ್ನ ಹೋಗುತ್ತದೆಂದು ಅವಳು ಮಾತಾಡಲಿಲ್ಲ. ಆ ತಪ್ಪೂ ನನ್ನದೇ ಲೆಕ್ಕಕ್ಕೆ ಸೇರಬೇಕು.

ತಿಂಗಳ ಕೊನೆಯವರೆಗೆ ಇರಲಿ ಎಂದು ರಾಯರು ನನ್ನ ಮೂಲಕ ಹೇಳಿ ಕಳಿಸಿದರು. ಶರಣಪ್ಪ, ಶಾಂತಾ ಅಷ್ಟು ದಿನ ಕಾಯಲಿಲ್ಲ. ದೀಪಾವಳಿಗೆ ಚಾಳಿನವರು ಆಕಾಶಬುಟ್ಟಿ ಕಟ್ಟುತ್ತಿದ್ದಾಗ ಕೈಗಾಡಿಯಲ್ಲಿ ಸಾಮಾನು ಹೇರಿದರು. ಯಾರೂ ಜಗುಲಿಗೆ ಬರಲಿಲ್ಲ. ಸಾವಿತ್ರಮ್ಮ ಮಹಡಿಯ ಕಿಟಕಿಯ ಹಿಂದೆ ನಿಂತಿದ್ದದ್ದು ನನಗೆ ಕಂಡಿತು. ಶರಣಪ್ಪ ಬೀಗದ ಕೈ ಕೊಡಲು ಗಲ್ಲಾಕ್ಕೆ ಬಂದ. ಅಂಗೈ ಹಳದಿ ಇತ್ತು.

"ಬೀಗದ ಕೈ ತಗೋರಿ" ಎಂದ. ಅದನ್ನು ಗಲ್ಲಾದ ಮೇಲಿಟ್ಟು, "ನೀವಿಟ್ಟ ಹೆಸ್ರೂ ವಾಪಸ್ ತಗೋರಿ ಅಣ್ಣಾರ. ನಿಮಗ ಮತ್ತ ಯಾರಿಗರೆ ಬೇಕಾಗ್ತದ."

ಪಕ್ಕದಲ್ಲಿ ಗಿರಾಕಿಗಳಿದ್ದರು. ನಾನು ಚಿಲ್ಲರೆ ಎಣಿಸುವವನಂತೆ ತಲೆ ಎತ್ತಲಿಲ್ಲ.

ನನಗೆ ಶಿಕ್ಷೆಯೇನೂ ಆಗಲಿಲ್ಲ. ಕಲ್ಯಾಣದ ಹೋಟೆಲು ನನ್ನ ಕೈಗೆ ಬಂತು. ಅಲ್ಲೇ ಕೂತು ಎಂಬತ್ತರ ದಶಕವಿಡೀ ಆ ಕತೆ ಹೇಳಿದೆ: ನಂಬಿ ಮನೆ ಕೊಡಿಸಿದೆ, ಹೆಸರು ಬದಲಿಸಿಕೊಂಡು ಬಂದಿದ್ದ, ನನ್ನ ಮರ್ಯಾದೆ ತೆಗೆದ. ಹೇಳುತ್ತಾ ಹೇಳುತ್ತಾ ನನಗೇ ನಿಜವೆನಿಸಿ ಸಿಟ್ಟು ಬರುತ್ತಿತ್ತು. ಮನೆಗೆ ಬಂದ ನೆಂಟರ ಮುಂದೆ ಶುರು ಮಾಡಿದರೆ ಸುಮತಿ ಎದ್ದು ಒಳಗೆ ಹೋಗುತ್ತಿದ್ದಳು. ಒಮ್ಮೆಯೂ ತಿದ್ದಲಿಲ್ಲ. ಒಮ್ಮೆಯೂ ಕೂತು ಕೇಳಲಿಲ್ಲ.

ಅವನನ್ನು ಆಮೇಲೆ ಒಂದೇ ಸಲ ಕಂಡೆ. ಠಾಣೆ ಸ್ಟೇಷನ್ನಿನಲ್ಲಿ, ಎದುರಿನ ಪ್ಲಾಟ್‌ಫಾರ್ಮಿನಲ್ಲಿ, ನಡೆಯುವಷ್ಟು ಬೆಳೆದ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದ. ನನ್ನನ್ನು ನೋಡಿದ. ಕರೆಯಬೇಕೆಂದು ಬಾಯಿ ತೆರೆದೆ. ಯಾವ ಹೆಸರಿನಿಂದ ಕರೆಯಲಿ? ಅಷ್ಟರಲ್ಲಿ ನಡುವೆ ಲೋಕಲ್ ಬಂತು.

ಕಳೆದ ವರ್ಷ ಮೊಮ್ಮಗಳ ಜೊತೆ ಹತ್ತಿದಾಗ ಮೇಲೆ ಕಟ್ಟಡ ಹೊಸದಾಗಿತ್ತು. ದೇವಕಣಗಿಲೆಯ ವಾಸನೆ ಮಾತ್ರ ಅದೇ, ಕರಿಗಲ್ಲಿನ ಕಟ್ಟೆ ಅದೇ. ಕಸ ಗುಡಿಸುತ್ತಿದ್ದ ಹಿರಿಯರೊಬ್ಬರನ್ನು ಕೇಳಿದೆ, ಗುಲ್ಬರ್ಗ ಕಡೆಯ ಶರಣಪ್ಪ ಎಂಬವರು ಬರುತ್ತಾರಾ ಎಂದು. ಆ ಹೆಸರಿನವರು ಇಲ್ಲಿ ಯಾವತ್ತೂ ಇರಲಿಲ್ಲವಲ್ಲ ಎಂದರು. ಹೌದು, ಇರಲಿಲ್ಲ. ಮೊಮ್ಮಗಳು ಪಕ್ಕದಲ್ಲಿದ್ದಳು. ಸರಿಯಾದ ಹೆಸರು ನಾಲಿಗೆಯವರೆಗೆ ಬಂದು ನಿಂತಿತು. ಅವರು ಇನ್ನೇನಾದರೂ ಬೇಕೇ ಎಂದು ಕಾದರು. ನಾನು ಬೇಡವೆಂದು ತಲೆಯಾಡಿಸಿ ಇಳಿದೆ. ಅಷ್ಟು ವಯಸ್ಸಾದ ಮೇಲೂ ಅದೇ ಕಟ್ಟೆಯ ಮೇಲೆ ಇನ್ನೊಂದು ಸಲ ನುಣುಚಿಕೊಂಡೆ.

ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಅವನು ನನಗೆ ಮೋಸ ಮಾಡಲಿಲ್ಲ. ಮೊದಲ ದಿನವೇ ನಿಜ ಹೇಳಿದ, ಹೇಳಿಯೇ ಕೇಳಿ ಎಂದ. ಸುಳ್ಳು ನನ್ನದು. ಅದರ ಬೆಲೆ ತೆತ್ತವರು ಅವನು, ಶಾಂತಾ, ಆ ಕೂಸು. ಅವನಲ್ಲಿ ನಾನು ಕ್ಷಮೆ ಕೇಳಲಿಲ್ಲ. ಅವನ ಹೆಸರು ಗೌತಮ. ಆ ಗುಡ್ಡದ ಮೆಟ್ಟಿಲು ಕಡಿದ ಹಣಮಂತನ ಮಗ, ಗೌತಮ.